ಕಾಶವ್ವನ ಮಧ್ಯಾಹ್ನದ ನಿದ್ದೆ

ನಮ್ಮ ಮನೆ ಕಾಶವ್ವನ ಮನೆಯ ಮಗ್ಗುಲಿಗೆ ಬಂದು ನಿಂತದ್ದು ಒಂದು ಮಧ್ಯಾಹ್ನ, ನಾನು ಉಂಡು ಅಡ್ಡಾಗಿದ್ದಾಗ. ಎದ್ದು ಮುಖ ತೊಳೆಯೋಣವೆಂದು ಹಿಂಬಾಗಿಲು ತೆಗೆದರೆ ನಮ್ಮ ನುಗ್ಗೆಗಿಡ ಇರಲಿಲ್ಲ. ಅದರ ಬದಲು ಯಾರೋ ಅಕ್ಕರೆಯಿಂದ ಬೆಳೆಸಿದ ಮದರಂಗಿ ಗಿಡ, ಅದರಾಚೆ ಎದೆಯೆತ್ತರದ ಮಣ್ಣಿನ ಗೋಡೆ. ಗೋಡೆಯ ಆ ಕಡೆಯಿಂದ ಒಬ್ಬ ಮುದುಕಿ ಬರುತ್ತಿದ್ದಳು. ಮದುವೆಗೆ ಹೋಗಿ ಆಗಷ್ಟೇ ಮನೆಗೆ ಬಂದವಳೆಂದು ಮಡಿಕೆ ಮುರಿಯದ ಇಳಕಲ್ ಸೀರೆಯೇ ಹೇಳುತ್ತಿತ್ತು. ಕೈಯಲ್ಲಿದ್ದ ಸಿಹಿತಿಂಡಿಯ ಬಟ್ಟಲು ಚೆಲ್ಲದ ಹಾಗೆ ಅದರ ಮೇಲೇ ಕಣ್ಣಿಟ್ಟು ನಡೆಯುತ್ತ, "ಏ ಮಾಬೂ, ಮಾದಲಿ ತಂದೀನಿ, ಲಗೂನ ಬಾ," ಎಂದು ಕೂಗಿ, ಬಟ್ಟಲನ್ನು ಗೋಡೆಯ ಮೇಲಿಟ್ಟು ತಲೆ ಎತ್ತಿದಳು. ನನ್ನನ್ನು ಕಂಡಳು. "ನೀ ಯಾರವಾ?" ಎಂದಳು. "ನಾನ್ರೀ, ಸುಲೋಚನಾ," ಎಂದೆ. ಆ ಹೆಸರಿನಿಂದ ಅವಳಿಗೆ ಏನೂ ಆಗಬೇಕಿರಲಿಲ್ಲ. ನನ್ನನ್ನು ನೋಡಿದಳು, ನನ್ನ ಬೆನ್ನ ಹಿಂದಿನ ನೀಲಿ ಸುಣ್ಣದ ಗೋಡೆಯನ್ನು ನೋಡಿದಳು, ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಚಿಲಕ ಹಾಕಿದ ಸದ್ದು ಕೇಳಿಸಿತು.

ಆ ಊರಿನಲ್ಲಿ ಮನೆಗಳು ಹಾಗೆ ಜಾಗ ಬದಲಿಸುತ್ತಿದ್ದವು. ಪೇಟೆ, ಗುಡಿ, ಮಸೀದಿ, ಸಾಲಿ, ಬಾವಿಗಳು ಇದ್ದಲ್ಲೇ ಇರುತ್ತಿದ್ದವು. ಹಿತ್ತಿಲು, ಹಿತ್ತಿಲ ಗಿಡಗಳು ಕೂಡ ಕದಲುತ್ತಿರಲಿಲ್ಲ. ಮನೆಗಳಷ್ಟೇ ಮಧ್ಯಾಹ್ನದ ಹೊತ್ತು, ಒಳಗಿದ್ದವರೆಲ್ಲ ನಿದ್ದೆಹೋದಾಗ, ಒಂದು ಕಡೆಯಿಂದ ಎದ್ದು ಇನ್ನೊಂದು ಕಡೆ ಹೋಗಿ ಕೂತಿರುತ್ತಿದ್ದವು. ಯಾವುದು, ಯಾವತ್ತು, ಎಲ್ಲಿಗೆ ಎಂದು ಹೇಳಬಲ್ಲವರಿರಲಿಲ್ಲ. ಕೆಲವು ಮನೆ ಒಂದೇ ಬೇಸಿಗೆಯಲ್ಲಿ ಎರಡು ಮೂರು ಸಲ ಹೋಗುತ್ತಿದ್ದವು, ಕೆಲವಕ್ಕೆ ಒಂದು ತಲೆಮಾರು ಕಳೆದರೂ ಆ ಯೋಚನೆ ಬರುತ್ತಿರಲಿಲ್ಲ. ಒಬ್ಬರು ಎಚ್ಚರವಿದ್ದರೂ ಮನೆ ಅಲುಗಾಡುವುದಿಲ್ಲ ಎಂಬ ನಂಬಿಕೆ ಇತ್ತು. ಆದರೆ ಆ ಬಿಸಿಲಿನಲ್ಲಿ, ರೊಟ್ಟಿ ಮೊಸರು ಉಂಡ ಮೇಲೆ, ಎಷ್ಟು ದಿನ ಅಂತ ಕಣ್ಣು ತೆರೆದಿರುವುದು? ಜನ ಆ ಹಟ ಬಿಟ್ಟು ಬಹಳ ಕಾಲವಾಗಿತ್ತು. ಹೆಣ್ಣು ನೋಡಲು ಬರುವವರು ಊಟದ ಹೊತ್ತಿಗೆ ಮೊದಲೇ ಬಂದು ಹೋಗುತ್ತಿದ್ದರು. ಸಾಲಿ ಬಿಟ್ಟ ಮಕ್ಕಳು ಮೊದಲು ಚಹಾದಂಗಡಿಯ ಅಡಿವೆಪ್ಪನ ಮುಂದೆ ನಿಂತು, ತಮ್ಮ ಮನೆ ಎಲ್ಲಿದೆಯೆಂದು ಕೇಳಿಕೊಂಡು ಹೋಗುತ್ತಿದ್ದವು. ಅಡಿವೆಪ್ಪನಿಗೆ ಎಲ್ಲರ ಮನೆಯೂ ಗೊತ್ತಿರುತ್ತಿತ್ತು, ಯಾಕೆಂದರೆ ಮನೆ ಸರಿದವರು ಮೊದಲು ಹೋಗಿ ಹೇಳುತ್ತಿದ್ದದ್ದು ಅವನಿಗೇ.

ನಾನು ಆ ಊರಿನವಳಲ್ಲ. ಮನೆಗಳು ಕಟ್ಟಿದಲ್ಲೇ ನಿಲ್ಲುವ ಊರಿನಿಂದ ಮದುವೆಯಾಗಿ ಬಂದವಳು. ನನ್ನ ಗಂಡ ವಿರೂಪಾಕ್ಷ ಬಸ್ಸಿನ ಡ್ರೈವರು. ಸಂಜೆ ಬಸ್ಸು ನಿಲ್ಲಿಸಿ, ಅಡಿವೆಪ್ಪನ ಹತ್ತಿರ ಚಹಾ ಕುಡಿದು, ಅವನು ತೋರಿಸಿದ ಕಡೆ ಬೀಡಿ ಸೇದುತ್ತ ನಡೆದು ಬರುತ್ತಿದ್ದ. ಅವತ್ತೂ ಹಾಗೇ ಬಂದ. "ಇಲ್ಲಿ ಬಾವಿ ಸನೇಕ ಐತಿ, ಚಲೋ ಆತು," ಎಂದು ಉಣ್ಣಲು ಕೂತ. ನಾನು ಮಾತ್ರ ಉಣ್ಣದೆ ತಾಟು ಸರಿಸಿದೆ. ಅಷ್ಟು ದಿನ ನೀರು ಹಾಕಿದ ನುಗ್ಗೆಗಿಡದಲ್ಲಿ ಮೊದಲ ಹೂವು ಬಂದಿತ್ತು. ಅದು ಈಗ ಯಾರ ಹಿತ್ತಿಲಲ್ಲಿತ್ತೋ. ಅಂದಿನಿಂದ ನನಗೆ ಮಧ್ಯಾಹ್ನದ ನಿದ್ದೆ ಹಾರಿಹೋಯಿತು. ಮಲಗಿದರೆ ಕಣ್ಣು ಮುಚ್ಚಲು ಹೆದರಿಕೆ. ಎದ್ದು ಕೂತು ಮದರಂಗಿ ಗಿಡವನ್ನು ನೋಡುತ್ತಿದ್ದೆ. ಆಚೆ ಮನೆಯ ಮುದುಕಿಯೂ ಮಲಗುತ್ತಿರಲಿಲ್ಲ. ಹಿಂಬಾಗಿಲಲ್ಲಿ ಕಂಬಕ್ಕೆ ಒರಗಿ ಕೂತು, ಕಣ್ಣು ಎಳೆದಾಗೆಲ್ಲ ತಂಬಿಗೆಯ ನೀರು ಮುಖಕ್ಕೆ ಚಿಮುಕಿಸಿಕೊಳ್ಳುತ್ತಿದ್ದಳು. ಇಬ್ಬರ ನಡುವೆ ಗೋಡೆ ಇತ್ತು, ಮಾತಿರಲಿಲ್ಲ.

ವಿಷಯ ಏನೆಂದು ಹೇಳಿದವನು ಅಡಿವೆಪ್ಪ. ಕಾಶವ್ವ ಖಾನಾವಳಿಗೆ ರೊಟ್ಟಿ ಬಡಿದು ಕೊಡುವವಳು. ಗಂಡ ಬೇಗ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಪಕ್ಕದ ಮನೆಯ ಮಾಬುಬಿ ಹಳೆ ಸೀರೆ ಕೂಡಿಸಿ ಕೌದಿ ಹೊಲಿಯುವವಳು. ಕಾಶವ್ವ ಕೋಳಿ ಕೂಗುವ ಮೊದಲೆದ್ದು ರೊಟ್ಟಿ ಮುಗಿಸಿ, ಉಂಡು, ಊರೆಲ್ಲ ಮಲಗುವ ಹೊತ್ತಿಗೆ ಗೋಡೆ ದಾಟಿ ಮಾಬುಬಿಯ ಅಂಗಳಕ್ಕೆ ಹೋಗುತ್ತಿದ್ದಳು. ಇಬ್ಬರೂ ಒಂದು ಕೌದಿಯ ಎರಡು ಅಂಚು ಹಿಡಿದು ಹೊಲಿಯುತ್ತ ಹರಟುತ್ತಿದ್ದರು. ಇಪ್ಪತ್ತು ವರ್ಷ ಇಬ್ಬರ ಮನೆಯೂ ಕದಲಲಿಲ್ಲ. "ಎಚ್ಚರ ಇರಬೇಕಂತ ಇದ್ದವರಲ್ಲ ಬಿಡು," ಎಂದ ಅಡಿವೆಪ್ಪ. "ಮಾತ ಮುಗೀತಿರಲಿಲ್ಲ, ಅಷ್ಟ." ತಂಗಿಯ ಮೊಮ್ಮಗಳ ಮದುವೆಗೆಂದು ಕಾಶವ್ವ ಹೋದ ಆ ಒಂದು ದಿನ ಮಾಬುಬಿ ನಿದ್ದೆ ಮಾಡಿದಳು. ಮನೆ ಎದ್ದು ಕೆರೆಯಾಚೆ, ಇಟ್ಟಿಗೆ ಭಟ್ಟಿಯ ಕಡೆ ಹೋಯಿತು. ಅವಳ ಜಾಗಕ್ಕೆ ಬಂದು ಕೂತವಳು ನಾನು.

ಕಾಶವ್ವ ನನ್ನೊಡನೆ ಎರಡನೆಯ ಸಲ ಮಾತಾಡಿದ್ದು ಒಂದು ವಾರ ಬಿಟ್ಟು. ಗೋಡೆಯ ಮೇಲೆ ಒಂದು ಗಡಿಗೆ ಗಟ್ಟಿ ಮೊಸರು, ಎರಡು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಇಟ್ಟು, "ಹೊಟ್ಟಿ ತುಂಬ ಉಣ್ಣವಾ," ಎಂದಳು. ನನಗೆ ಅಳುವೇ ಬಂತು. ತವರಿನಿಂದ ಬಂದಮೇಲೆ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಮರುದಿನ ಸಜ್ಜಕ ಬಂತು, ಅದರ ಮರುದಿನ ಹುಗ್ಗಿ, ಮೇಲೆ ತುಪ್ಪ. ಉಂಡು ಬಟ್ಟಲು ತೊಳೆದು ಕೊಡಲು ಹೋದಾಗ ನನ್ನ ಕಣ್ಣನ್ನೇ ದಿಟ್ಟಿಸಿ, "ನಿದ್ದಿ ಬರಾಕತ್ತಿಲ್ಲ ನಿನಗ?" ಎಂದು ಕೇಳಿದಳು. ಇಲ್ಲ ಎಂದೆ. "ಮಜ್ಜಿಗಿಗೆ ಗಸಗಸಿ ಹಾಕಿ ಕೊಡ್ತೀನಿ ತಡಿ. ಚೆಂದಗೆ ಮಲಕ್ಕೊಂಡ್ರ ಮೈ ಹಗುರ ಆಗತೈತಿ," ಎಂದಳು. ಆಗ ತಿಳಿಯಿತು. ನಾನು ನಿದ್ದೆಹೋಗಬೇಕು, ನನ್ನ ಮನೆ ಅಲ್ಲಿಂದ ಎದ್ದು ಹೋಗಬೇಕು, ಆ ಜಾಗ ಖಾಲಿಯಾಗಬೇಕು, ಮಾಬುಬಿಯ ಮನೆ ತಿರುಗಿ ಬರಬೇಕು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಗೋಡೆಯ ಮೇಲಿದ್ದ ಅವಳ ಕೈಯನ್ನು ನೋಡಿದೆ. ಹಿಟ್ಟು ಬಡಿದು ಬಡಿದು ಗಟ್ಟಿಯಾದ ಅಂಗೈ. ನಸುಕಿನಿಂದ ದುಡಿದು ಮಧ್ಯಾಹ್ನವೂ ಕಣ್ಣು ಮುಚ್ಚದ ಮೈ ಅದು. "ಬರತೈತೇನ್ರೀ ಅವರ ಮನಿ ತಿರುಗಿ?" ಎಂದು ಕೇಳಿದೆ. "ಯಾಕ ಬರಬಾರದು?" ಎಂದಳು. ಬರುವುದೂ ಉಂಟು, ಬಾರದಿರುವುದೂ ಉಂಟು. ಆ ಊರಿನಲ್ಲಿ ಎಲ್ಲದಕ್ಕೂ ಅದೇ ಉತ್ತರ.

ಮಳೆಗಾಲ ಹತ್ತಿರವಾಗುತ್ತಿದ್ದ ದಿನಗಳಲ್ಲಿ ಒಂದು ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದು ಅರ್ಧಕ್ಕೇ ನಿಂತಿತು. ಆ ಸದ್ದಿಗೆ ನನ್ನ ಕಿವಿ ಎಷ್ಟು ಒಗ್ಗಿಹೋಗಿತ್ತೆಂದರೆ ಅದು ನಿಂತದ್ದೇ ಯಾರೋ ಕರೆದ ಹಾಗಾಯಿತು. ಗೋಡೆ ಹತ್ತಿ ಇಳಿದು ಓಡಿದೆ. ಕಾಶವ್ವ ಒಲೆಯ ಮುಂದೆ ಕೂತಲ್ಲೇ ತೂಕಡಿಸಿ ಮುಂದಕ್ಕೆ ಬಾಗಿದ್ದಳು. ಬಲಗೈ ಕಾದ ಹಂಚಿನ ಮೇಲೆ ಬಿದ್ದು ಅಂಗೈ ಬೊಬ್ಬೆಯೆದ್ದಿತ್ತು. ಅವಳಿಗೆ ನೋವಿಗಿಂತ ನಾಚಿಕೆಯೇ ಹೆಚ್ಚಾಗಿತ್ತು. "ಖಾನಾವಳಿಯವ್ರು ಬರ್ತಾರ," ಎಂದು ಎಡಗೈಯಿಂದ ಹಿಟ್ಟು ಎಳೆದುಕೊಳ್ಳಲು ನೋಡಿದಳು. ನಾನು ಅವಳನ್ನು ಸರಿಸಿ ಕೂತೆ. ನನಗೆ ರೊಟ್ಟಿ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಒಂದು ಕಡೆ ದಪ್ಪ, ಒಂದು ಕಡೆ ಹರಕು. ಅವಳು ಕೈಗೆ ತಣ್ಣೀರು ಬಟ್ಟೆ ಸುತ್ತಿಕೊಂಡು ಬುಟ್ಟಿಯೊಳಗೆ ಇಣುಕಿ, "ಇದೇನಿದು, ಹೊಲದ ನಕಾಶಿ ಬರದಿಯೇನ?" ಎಂದಳು. ಅವಳ ಬಾಯಿಂದ ನಗೆಮಾತು ಕೇಳಿದ್ದು ಅದೇ ಮೊದಲು.

ಕೈ ಮಾಯುವ ತನಕ ದಿನಾ ಹೋದೆ. ಅವಳು ಹೇಳುತ್ತಿದ್ದಳು, ನಾನು ಬಡಿಯುತ್ತಿದ್ದೆ. ಮಾತೆಲ್ಲ ಮಾಬುಬಿಯದೇ. ಮಾಬುಬಿ ಚಹಾಕ್ಕೆ ಎಷ್ಟು ಸಕ್ಕರೆ ಹಾಕುತ್ತಾಳೆ, ಮಗ ದಸ್ತಗೀರ ಹುಟ್ಟುವಾಗ ಎಷ್ಟು ಕಷ್ಟಪಟ್ಟಳು, ಸೂಜಿಗೆ ದಾರ ಪೋಣಿಸುವಾಗ ನಾಲಿಗೆ ಹೇಗೆ ಹೊರಗೆ ಹಾಕುತ್ತಾಳೆ. "ಒಮ್ಮೆ ಹೋಗಿ ನೋಡಿ ಬರ್ರಿ," ಎಂದೆ ಒಂದು ದಿನ. "ಕೆರಿ ಏರಿ ಹಿಡದ್ರ ಒಂದು ತಾಸಿನ ದಾರಿ." ಅವಳು ಮುಖ ತಿರುಗಿಸಿದಳು. "ನಾ ಹೋದ್ರ ಇಲ್ಲಿ ಯಾರ ಕಾಯ್ತಾರ? ಮದಿವಿ ದಿನ ಖಾಲಿ ನಿಂತಿತ್ತಂತ ಯಾವಾಗ್ಲೂ ನಿಲ್ಲತೈತೇನು? ನಾ ಬರೂದ್ರಾಗ ಇದೂ ಎದ್ದು ಹ್ವಾದ್ರ, ಆಕಿ ತಿರುಗಿ ಬಂದಾಗ ಮಗ್ಗಲದಾಗ ಯಾರಿರ್ತಾರ?" ವಿರೂಪಾಕ್ಷನಿಗೆ ರಜೆಯಿದ್ದ ದಿನ ಅವನನ್ನೇ ಅವಳ ಪಡಸಾಲೆಯಲ್ಲಿ ಕೂರಿಸಿ ಇಬ್ಬರೂ ಹೊರಡುವುದೆಂದಾಯಿತು. ಮಲಗಬಾರದೆಂದು ಕಾಶವ್ವ ಅವನಿಂದ ಮೂರು ಸಲ ಮಾತು ತೆಗೆದುಕೊಂಡಳು. "ಬಸ್ಸ ಹೊಡಿಯೂ ಮನಶ್ಯಾರೀ ಅವ್ರು," ಎಂದೆ ನಾನು. "ಅದಕ್ಕ ಹೇಳಾಕತ್ತೀನಿ," ಎಂದಳು.

ಮಾಬುಬಿಯ ಮನೆ ಭಟ್ಟಿಯ ಕೆಂಪು ಧೂಳಿನ ನಡುವೆ ಬೇರೆಯೇ ಮನೆಯ ಹಾಗೆ ಕಾಣುತ್ತಿತ್ತೆಂದು ಕಾಶವ್ವ ಆಮೇಲೆ ಹೇಳಿದಳು. ನಮ್ಮನ್ನು ಕಂಡ ಮಾಬುಬಿ ಕೈಯಲ್ಲಿದ್ದ ಮೊರವನ್ನು ಅಲ್ಲೇ ಬಿಟ್ಟು ಓಡಿಬಂದಳು. ಸಣ್ಣ ಮೈಕಟ್ಟು, ಮೂಗಿನಲ್ಲಿ ಬೆಳ್ಳಿ ನತ್ತು, ಮಾತಿಗಿಂತ ಮೊದಲು ಕಣ್ಣೀರು. ಕಾಶವ್ವನ ಸುಟ್ಟ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಸೊಸೆಯನ್ನು ಕರೆದು ಕುರ್ಚಿ ತರಿಸಿದಳು. ಸೊಸೆ ಕುರ್ಚಿಯನ್ನು ಸೆರಗಿನಿಂದ ಒರೆಸಿ ಇಟ್ಟಳು. ಬೀರುವಿನಿಂದ ಹೂವಿನ ಚಿತ್ತಾರದ ಕಪ್ಪು-ಬಸಿಗಳು ಹೊರಬಂದವು, ತಟ್ಟೆಯಲ್ಲಿ ಬಿಸ್ಕಿಟು ಬಂತು. ಕಾಶವ್ವ ಕುರ್ಚಿಯ ಅಂಚಿನಲ್ಲಿ ಕೂತು, ಕಪ್ಪನ್ನು ಎರಡು ಕೈಯಲ್ಲಿ ಹಿಡಿದು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನನ್ನ ಮುಖ ನೋಡಿದಳು. ಇಪ್ಪತ್ತು ವರ್ಷ ಆ ಮನೆಯ ನೆಲದ ಮೇಲೆ ಕಾಲು ಚಾಚಿ ಕೂತು, ಆ ಮನೆಯ ಒಲೆಯ ಮೇಲಿದ್ದ ಚಹಾವನ್ನು ತಾನೇ ಬಗ್ಗಿಸಿಕೊಂಡು ಕುಡಿದವಳು ಅವಳು. ಮಾಬುಬಿಯದು ತಪ್ಪಿರಲಿಲ್ಲ. ಒಂದು ತಾಸು ಬಿಸಿಲಲ್ಲಿ ನಡೆದು ಬಂದವರನ್ನು ನೆಲದ ಮೇಲೆ ಕೂರಿಸುವುದು ಹೇಗೆ?

ಅಷ್ಟರಲ್ಲಿ ಗೋಡೆಯಾಚೆಯಿಂದ ಒಬ್ಬ ಹೆಂಗಸು, "ಮಾಬಕ್ಕಾ, ಹುಣಸಿಹಣ್ಣು ಒಂದೀಟು ಕೊಡ," ಎಂದು ಕೈ ನೀಡಿದಳು. ಮಾಬುಬಿ ಎದ್ದು, ನೋಡದೆಯೇ ಗೂಡಿನಿಂದ ತೆಗೆದು ಕೊಟ್ಟು ಬಂದು ಕೂತಳು. ಕಾಶವ್ವ ಆ ಕೈಯನ್ನು ನೋಡಿದಳು. ಬಳೆ ತುಂಬಿದ, ಎಳೆಯ ಕೈ. "ಅವತ್ತ ನಾ ಮದಿವಿಗೆ ಹೋಗಬಾರದಿತ್ತು ಮಾಬೂ," ಎಂದಳು ಕಾಶವ್ವ. ಮಾಬುಬಿ ಬಸಿಯನ್ನು ಕೆಳಗಿಟ್ಟಳು. "ಹಂಗನ್ನಬ್ಯಾಡ ಕಾಶಿ. ನೀ ಹ್ವಾದಿ, ನಾ ಮಲಕ್ಕೊಂಡೆ. ಬೇಕಂತ ಮಲಕ್ಕೊಂಡೆ." ಕಾಶವ್ವ ತಲೆ ಎತ್ತಿದಳು; ಮಾಬುಬಿ ಮುಂದುವರಿಸಿದಳು. "ಎಷ್ಟ ವರ್ಷ ಆಗಿತ್ತ ಗೊತ್ತೇನ, ಮಧ್ಯಾನ ನೆಲಕ್ಕ ಬೆನ್ನ ಹಚ್ಚಿ? ಕಣ್ಣ ಸೂಜಿ ಚುಚ್ಚಿದಂಗ ಆಗತಿದ್ದವು. ಇವತ್ತ ಕಾಶಿ ಬರೂದಿಲ್ಲ, ಒಂದು ತಾಸು ಮಲಕ್ಕೊಳ್ಳೂಣು ಅನಿಸ್ತು. ಎದ್ದಾಗ ಇಲ್ಲಿದ್ದೆ." "ನಿದ್ದಿ ಬರತೈತಿ ಅಂತ ಒಮ್ಮೆರೆ ಹೇಳಬಾರದಾಗಿತ್ತಾ?" ಎಂದಳು ಕಾಶವ್ವ, ಬಹಳ ಮೆಲ್ಲಗೆ. "ಹೇಳಿದ್ರ ನೀ ಬರೂದ ಬಿಡತಿದ್ದಿ," ಎಂದಳು ಮಾಬುಬಿ. "ನೀ ಬರೂದು ಬೇಕಾಗಿತ್ತು. ನಿದ್ದೀನೂ ಬೇಕಾಗಿತ್ತು. ಎರಡೂ ಹೆಂಗ ಕೇಳಲಿ?" ಇಬ್ಬರೂ ಅತ್ತರು. ಹೊರಡುವಾಗ ಮಾಬುಬಿ ಕೆರೆ ಏರಿಯ ತನಕ ಬಂದು ಕಳಿಸಿದಳು. ಹಿಂದಿನಿಂದ, "ಇನ್ನ ನೀನೂ ಮಲಗ ಕಾಶಿ," ಎಂದು ಕೂಗಿ ಹೇಳಿದಳು.

ಏರಿಯ ಮೇಲೆ ಕಾಶವ್ವ ನನ್ನನ್ನು ಕಾಯದೆ ಮುಂದೆ ಮುಂದೆ ನಡೆದಳು. ಕೆರೆಯಲ್ಲಿ ನೀರು ತಳ ಸೇರಿತ್ತು, ಕೊಕ್ಕರೆಗಳು ಕೆಸರಿನಲ್ಲಿ ನಿಂತಿದ್ದವು. ಒಂದು ಕಲ್ಲಿನ ಮೇಲೆ ಕೂತು ಉಸಿರು ಬಿಟ್ಟಳು. "ಹೊಲಿಯೂ ಮುಂದ ಆಕಿ ಆಗಾಗ ಸೆರಗು ಬಾಯಿಗೆ ಹಿಡೀತಿದ್ದಳು," ಎಂದಳು. "ನನ್ನ ಮಾತಿಗೆ ನಗಾಕತ್ತಾಳಂತ ತಿಳಕೊಂಡಿದ್ದೆ." ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಕೈಗೆ ಬಂದ ಬಟ್ಟೆ ಹಿಂದೆ ಮುಂದೆ ಯಾವುದೆಂದು ತಿಳಿಯದೆ ಹೊರಳಿಸಿ ನೋಡುವವರ ಹಾಗೆ, ಇಪ್ಪತ್ತು ವರ್ಷವನ್ನು ಹೊರಳಿಸಿ ನೋಡುತ್ತಿದ್ದಳು. ನಾನೇನಾದರೂ ಸಮಾಧಾನ ಹೇಳಬೇಕಿತ್ತು. "ನಕ್ಕಿದ್ದೂ ಇರ್ತಾರ ಬಿಡ್ರಿ," ಎಂದೆ. "ಇರ್ತಾಳ," ಎಂದಳು. ಎದ್ದು ನಡೆದೆವು. ಮನೆ ಇದ್ದಲ್ಲೇ ಇತ್ತು. ವಿರೂಪಾಕ್ಷ ಪಡಸಾಲೆಯಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ.

ಕಾಶವ್ವ ಅವನನ್ನು ಎಬ್ಬಿಸಲಿಲ್ಲ, ಬಯ್ಯಲಿಲ್ಲ. ಬಾಗಿಲ ಚೌಕಟ್ಟಿಗೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತಳು. "ಈ ಮನಿ ನಾನ ಹಿಡಕೊಂಡು ನಿಂತೀನಂತ ತಿಳಕೊಂಡಿದ್ದೆ," ಎಂದಳು. "ಇದಕ್ಕ ನಂದು ಖಬರ ಇಲ್ಲ ನೋಡು." ಮರುದಿನ ಉಂಡ ಮೇಲೆ ಗೋಡೆಯ ಹತ್ತಿರ ಬಂದು, "ನಾ ಅಡ್ಡಾಗ್ತೀನವಾ. ಎಲ್ಲಿ ಏಳ್ತೀನೋ ಗೊತ್ತಿಲ್ಲ. ನಿನ್ನ ಬಟ್ಟಲ ತಗೊಂಡ ಬಿಡು," ಎಂದು ನನ್ನ ಬಟ್ಟಲು ಕೊಟ್ಟಳು. ಊರಿಗೆ ಹೊರಟವರ ಹಾಗೆ ಒಲೆ ಸಾರಿಸಿ, ಕೊಡ ತುಂಬಿಸಿಟ್ಟು ಮಲಗಿದಳು. ಸಂಜೆ ನೋಡಿದರೆ ಇದ್ದಲ್ಲೇ ಇದ್ದಳು. ತಲೆಗೂದಲು ಕೆದರಿತ್ತು, ಕೆನ್ನೆಯ ಮೇಲೆ ಚಾಪೆಯ ಗೆರೆ ಮೂಡಿತ್ತು, ಕಣ್ಣು ಮಗುವಿನ ಕಣ್ಣಿನ ಹಾಗೆ ತಿಳಿಯಾಗಿತ್ತು. ಮಾರನೆಯ ದಿನವೂ ಇದ್ದಳು. ಹಾಗೇ ಮಳೆಗಾಲ ಹೋಯಿತು, ಗೌರಿ ಹುಣ್ಣಿಮೆ ಬಂತು. ಸಕ್ಕರೆ ಆರತಿಯ ಗೊಂಬೆಗಳನ್ನು ಇಬ್ಬರೂ ಕೂಡಿ ಮಾಡಿದೆವು. ನನ್ನ ರೊಟ್ಟಿ ದುಂಡಗಾದವು. ಅವಳು ಮಾಬುಬಿಯ ಮಾತು ಬಿಡಲಿಲ್ಲ, ಆದರೆ ನಡುನಡುವೆ, "ನೀ ಹೇಳ, ನಿಮ್ಮೂರಾಗ ಹೆಂಗ?" ಎಂದು ಕೇಳಲು ಶುರುಮಾಡಿದಳು. ಒಂದೇ ಕಡೆ ನಿಲ್ಲುವ ಮನೆಗಳ ಸುದ್ದಿ ಕೇಳಿ ಅವಳಿಗೆ ಪಾಪ ಅನ್ನಿಸುತ್ತಿತ್ತು. "ಜಗಳಾಡಿದವ್ರೂ ಅಲ್ಲೇ ಇರ್ತಾರೇನ? ಸಾಯೂತನಕ?" ಎಂದು ಕೇಳಿದಳು.

ಹೆದರಿಕೆ ಈಗ ನನ್ನ ಪಾಲಿಗೆ ಬಂದಿತ್ತು. ಅವಳು ಮಲಗಿದೊಡನೆ ಗೋಡೆಯ ಹತ್ತಿರ ಹೋಗಿ, "ಅತ್ತಿ, ದಬ್ಬಣ ಐತೇನ್ರೀ?" ಎನ್ನುತ್ತಿದ್ದೆ. ಇನ್ನೊಂದು ದಿನ ಉಪ್ಪು ಕೇಳುತ್ತಿದ್ದೆ, ಮತ್ತೊಂದು ದಿನ ಏನೂ ತೋಚದೆ ಇವತ್ತು ಯಾವ ವಾರ ಎಂದು ಕೇಳಿದೆ. ಅವಳು ಎದ್ದು ಬಂದು ಎಲ್ಲವನ್ನೂ ಕೊಟ್ಟಳು, ವಾರವನ್ನೂ ಹೇಳಿದಳು. ಕಡೆಗೊಂದು ದಿನ ಗೋಡೆಯ ಮೇಲೆ ಮೊಣಕೈಯೂರಿ ನನ್ನನ್ನೇ ನೋಡಿದಳು. "ಸುಲೋಚನಾ, ನನ್ನ ಎಬ್ಬಸಾಕ ಬರಾಕತ್ತೀಯಲ್ಲ ನೀನು?" ನಾನು ತಲೆ ತಗ್ಗಿಸಿದೆ. "ಎಬ್ಬಸಬ್ಯಾಡ ಅನ್ನೂದಿಲ್ಲವಾ. ನನಗೂ ಆಕಿ ನೆನಪ ಹೋಗಿಲ್ಲ, ಹೋಗೂದೂ ಇಲ್ಲ. ಎಲ್ಲಿ ನೆಲ ಕಂಡ್ರೂ ಆಕಿ ಕುಂತಂಗ ಕಾಣಸತಾಳ. ಆದ್ರ ನಿನ್ನ ಕಣ್ಣ ನೋಡಿಕೋ ಕನ್ನಡಿಯಾಗ. ಮಾಬುನ ಕಣ್ಣ ಆಗ್ಯಾವು." ಕೈ ಚಾಚಿ ನನ್ನ ತಲೆಯ ಮೇಲೊಮ್ಮೆ ಸವರಿ ಒಳಗೆ ಹೋದಳು. ಈ ಸಲ ಚಿಲಕ ಹಾಕಲಿಲ್ಲ.

ಮರುದಿನ ಮಧ್ಯಾಹ್ನ ನಾನು ಗೋಡೆಯ ಹತ್ತಿರ ನಿಂತಿದ್ದೆ. ಆಚೆಯಿಂದ ಅವಳ ಸಣ್ಣ ಗೊರಕೆ ಕೇಳುತ್ತಿತ್ತು. ಒಂದು ಸಲ ಕೂಗಿದ್ದರೆ ಏಳುತ್ತಿದ್ದಳು. ಬಾಯಿಯ ತನಕ ಬಂದ ಕೂಗನ್ನು ನುಂಗಿಕೊಂಡು ಒಳಗೆ ಬಂದು ಚಾಪೆ ಹಾಸಿದೆ. ಆ ಜಾಗಕ್ಕೆ ಬಂದ ಮೇಲೆ ಅದೇ ಮೊದಲ ಸಲ ಹಗಲಿನಲ್ಲಿ ಕಣ್ಣು ಮುಚ್ಚಿದೆ. ನಿದ್ದೆ ಬಂದದ್ದು ಗೊತ್ತೇ ಆಗಲಿಲ್ಲ, ಅಷ್ಟು ದಿನದ ಬಾಕಿಯೆಲ್ಲ ಒಂದೇ ಸಲ ಬಂದ ಹಾಗಿತ್ತು.

ಕಾಶವ್ವ ಆಮೇಲೆ ಸಂತೆಯಲ್ಲಿ ಸಿಕ್ಕಳು. ಹೊಸ ಜಾಗದಲ್ಲಿ ಕಂಬಾರನ ಕುಲುಮೆ ಹತ್ತಿರವಿದೆಯೆಂದು, ಸುತ್ತಿಗೆಯ ಸದ್ದಿಗೂ ಎಚ್ಚರವಾಗುವುದಿಲ್ಲವೆಂದು ಹೇಳಿ ನಕ್ಕಳು. ಮಾಬುಬಿಯೂ ಸಂತೆಗೆ ಬರುತ್ತಾಳೆ. ಇಬ್ಬರೂ ಬೇವಿನ ಮರದ ಕೆಳಗೆ ಕಾಲು ಚಾಚಿ ಕೂತು, ಕೊತ್ತಂಬರಿಯ ವಿಷಯಕ್ಕೆ ಜಗಳವಾಡುತ್ತಾರೆ. ಒಬ್ಬರಿಗೆ ಆಕಳಿಕೆ ಬಂದರೆ ಇನ್ನೊಬ್ಬರು ಎದ್ದು ಹೊರಡುತ್ತಾರೆ. ನಾನೂ ಹೋಗಿ ಪಕ್ಕದಲ್ಲಿ ಕೂರುತ್ತೇನೆ. ಅದು ಆಮೇಲಿನ ಮಾತು. ಆ ಮಧ್ಯಾಹ್ನ ಮಾತ್ರ, ಎದ್ದು ಹಿಂಬಾಗಿಲು ತೆಗೆದಾಗ, ಮದರಂಗಿ ಗಿಡ ಇದ್ದಲ್ಲೇ ಇತ್ತು; ಗೋಡೆಯಾಚೆ ಒಬ್ಬ ದಪ್ಪ ಮೀಸೆಯ ಗಂಡಸು ತೆಂಗಿನ ನಾರಿನಿಂದ ಎಮ್ಮೆಯ ಮೈ ತಿಕ್ಕುತ್ತ ನಿಂತಿದ್ದ. ಅವನ ಹಿಂದೆ ನಾನೆಂದೂ ಕಾಣದ ಹಸಿರು ಬಾಗಿಲಿನ ಮನೆ. ನನ್ನನ್ನು ಕಂಡು, "ನಮ್ಮದು ಇಲ್ಲಿಗೆ ಬಂತು ನೋಡ್ರಿ ತಂಗೀ," ಎಂದ, ಪಕ್ಕದ ಊರಿಗೆ ಬಂದು ಇಳಿದವನ ಹಾಗೆ. "ಈ ಕಡೆ ಬಾವಿ ನೀರ ಹೆಂಗ? ಸಿಹೀನೋ, ಸವಳೋ?"

"ಸಿಹಿ ಅದಾವ್ರಿ," ಎಂದೆ. ಅಷ್ಟು ಹೇಳಿದ ಮೇಲೆ ಅಳು ಬಂತು. ಅವನು ಆ ಊರಿನವನೇ, ಅಂಥ ಅಳು ಕಂಡವನು. ಎಮ್ಮೆಯ ಕಡೆ ತಿರುಗಿ, ನಾನು ಅತ್ತು ಮುಗಿಸುವ ತನಕ ಅದರ ಬೆನ್ನು ತಿಕ್ಕುತ್ತಲೇ ಇದ್ದ. ಆಮೇಲೆ ಕಣ್ಣೊರೆಸಿಕೊಂಡು, ಹಗ್ಗ ಕೊಡ ತೆಗೆದುಕೊಂಡು, ಅವನಿಗೆ ಬಾವಿ ತೋರಿಸಲು ಹೋದೆ.